ಹಳೆಯ ಕೋವಿಯೂ ಹದವಾದ ಮದ್ದೂ

ಹಿರಿಯರಿಂದ ಬಂದ ಸಾಮಾನುಗಳಲ್ಲಿ ಹಲವು, ಕೆಲಸಕ್ಕೆ ಬಾರದವುಗಳೆಂದು ಮನೆಯ ಮೂಲೆಯನ್ನು ಸೇರುತ್ತವೆ. ಸಾಮಾನು ನಿಜವಾಗಿಯೂ ಕೆಟ್ಟಿದೆಯೋ, ಇಲ್ಲವೆ ಅದನ್ನು ಬಳಸುವ ಕ್ರಮವೇ ನಮಗೆ ಮರೆತಿದೆಯೋ ಎಂದು ವಿಚಾರಿಸುವವರು ವಿರಳ. ನಮ್ಮ ಮನೆಯ ಕೇಪಿನ ರೈಫಲ್ಲಿನ ವಿಷಯದಲ್ಲಿ ಈ ಪ್ರಶ್ನೆ ಎದ್ದು, ಅದು ಬಗೆಹರಿದ ರೀತಿಯನ್ನು ವಾಚಕರಿಗೆ ನಿವೇದಿಸಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಕೊಡಗಿನಲ್ಲಿ ಕೋವಿಗಿರುವ ಸ್ಥಾನವನ್ನು ಹೊರನಾಡಿನವರಿಗೆ ಸ್ವಲ್ಪ ತಿಳಿಸಬೇಕು. 1857ರ ದಂಗೆಯ ಕಾಲದಲ್ಲಿ ಸರಕಾರವು ಜನರ ಆಯುಧಗಳಿಗೆ ಕಟ್ಟು ಹಾಕಿತಷ್ಟೆ. 1861ರಲ್ಲಿ ಕಮಿಶನರ್ ಮಾರ್ಕ್ ಕಬ್ಬನ್ನರು ಕೊಡಗಿನವರಿಗೆ ಆ ಕಾಯಿದೆಯಿಂದ ವಿನಾಯಿತಿಯನ್ನಿತ್ತರು. ಸೆಪ್ಟೆಂಬರಿನ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ತೊಳೆದಿಟ್ಟು, ತೋಕ್‌ಪೂವೆಂಬ ಕೆಂಪು ಹಳದಿಯ ಕಾಡುಹೂವಿನಿಂದ ಸಿಂಗರಿಸಿ ಪೂಜಿಸುವುದುಂಟು. ಅನಂತರ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹಾರಿಸುವುದು ಹಿಂದಿನಿಂದ ಬಂದ ಪದ್ಧತಿ. ನಮ್ಮ ತಂದೆಯವರು ಹುಟ್ಟಿದ ಸುದ್ದಿಯನ್ನು ಊರಿಗೆ ಸಾರಿದ್ದೂ, ನಮ್ಮ ಅಜ್ಜಯ್ಯನವರು ತೀರಿಕೊಂಡ ಸುದ್ದಿಯನ್ನು ಸಾರಿದ್ದೂ ಈ ರೈಫಲ್ಲೇ.

ಆದರೆ ಕೆಲವು ವರ್ಷಗಳಿಂದ ಹಬ್ಬದ ಪಂದ್ಯದಲ್ಲಿ ಅದರ ಗುಂಡು ಕಾಯಿಯ ಬಳಿಗೂ ಸುಳಿಯದಾಯಿತು. ಇನ್ನು ಇದನ್ನು ಮಾರಿಬಿಡುವುದೇ ಲೇಸೆಂದು ನಮ್ಮ ತಮ್ಮನು ವಾದಿಸಿದನು. “ಮದ್ದು ಸಾಲದು, ಇನ್ನೊಂದು ಚಿಟಿಕೆ ಹೆಚ್ಚಿಗೆ ಹಾಕಿರಿ” ಎಂಬುದು ನೆರೆಮನೆಯ ಹಿರಿಯರ ಬುದ್ಧಿವಾದ. ತಂದೆಯವರು ಇಬ್ಬರ ಮಾತನ್ನೂ ಕೇಳಿ, ಮುಂದಿನ ಹಬ್ಬದವರೆಗೆ ಅವಕಾಶವಿತ್ತು, ಪರೀಕ್ಷಿಸುವ ಭಾರವನ್ನು ನಮಗೆ ಒಪ್ಪಿಸಿದರು.

ಈ ರೈಫಲ್ಲು 1853ರಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಎನ್‌ಫೀಲ್ಡ್ ಮಾದರಿಯದು. ನಳಿಗೆಯ ಉದ್ದ 39 ಅಂಗುಲ, ಒಳಗಿನ ವ್ಯಾಸ 0.577 ಅಂಗುಲ. ಒಳಗೆ ಸುರುಳಿಯಾಗಿ ಕೊರೆದ ಮೂರು ಗೀರುಗಳು 78 ಅಂಗುಲಕ್ಕೆ ಒಂದು ಸುತ್ತು ತಿರುಗುವುದರಿಂದ, ಗುಂಡು ಹೊರಬೀಳುವಷ್ಟರಲ್ಲಿ ಅರ್ಧ ಸುತ್ತು ತಿರುಗಿರುತ್ತದೆ. ಗುಂಡಾದರೋ ನಳಿಗೆಗಿಂತ ತುಸು ಸಣ್ಣದು. ಹಾಗಿಲ್ಲದಿದ್ದರೆ ಬಾಯಿಂದ ಒಳಗಿಳಿಯಲಾರದು. ಅದರ ಬುಡವು ಟೊಳ್ಳು. ಮದ್ದು ಉರಿದಾಗ ಆ ಟೊಳ್ಳು ಅರಳಿ ಗೀರುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಫ್ರಾನ್ಸಿನ ಮಿನಿಯೆ ಎಂಬ ಸೈನ್ಯಾಧಿಕಾರಿಯು 1849ರಲ್ಲಿ ಪ್ರಸಿದ್ಧಿಗೆ ತಂದ ಉಪಾಯವಿದು. ಗುಂಡು ಅರಳದಿದ್ದರೆ ಸುತ್ತು ಹಿಡಿಯದು. ಸುತ್ತು ಹಿಡಿಯದ ಗುಂಡಿಗೆ ಗುರಿಯೆಲ್ಲಿಯದು?

ಮೊದಲು ಬಲ್ಲ ಕಸುಬಿನವರಿಂದ ನಳಿಗೆಯನ್ನೂ ಕುದುರೆಯನ್ನೂ ಕೇಪು ಕೂರುವ ಮೊಲೆಯನ್ನೂ ಪರೀಕ್ಷೆ ಮಾಡಿಸಿದೆವು. ನಳಿಗೆಯಲ್ಲಿ ಸವೆತವಿದ್ದರೂ ಬಿರುಕಿರಲಿಲ್ಲ. ಆಮೇಲೆ ಗುಂಡುಗಳನ್ನು ನೋಡಿದೆವು. ಅವುಗಳನ್ನು ಗುಜರಿಯ ಸೀಸದಿಂದ ಎರೆಯಲಾಗಿತ್ತು. ಶುದ್ಧ ಸೀಸದ ಮೇಲೆ ಉಗುರಿನಿಂದ ಗೀರಿದರೆ ಗೆರೆ ಮೂಡಬೇಕು. ಇವುಗಳ ಮೇಲೆ ಉಗುರೇ ಜಾರಿತು. ಬೇರೆ ಲೋಹ ಬೆರೆತು ಗಡುಸಾದ ಇಂತಹ ಗುಂಡು ಅರಳುವುದೆಂತು?

ಶುದ್ಧ ಸೀಸವನ್ನು ತರಿಸಿ, ಮನೆಯ ಹೊರಗೆ ಗಾಳಿಯಾಡುವ ಕಡೆ ಹೊಸ ಗುಂಡುಗಳನ್ನು ಎರೆದೆವು. ಈ ಮಾದರಿಯ ಗುಂಡಿನ ತೂಕ ಸುಮಾರು 530 ಗ್ರೇನು, ಎಂದರೆ ಮೂರು ತೊಲೆಗೆ ತುಸು ಕಡಮೆ. ನಮ್ಮ ಮನೆಯಾಕೆ ಚಿನ್ನದ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಹಗುರವಾದವುಗಳನ್ನು ಬೇರೆಯಿಟ್ಟಳು. ಹೊರಗೆ ನುಣುಪಾಗಿದ್ದರೂ ಹಗುರವಾದ ಗುಂಡಿನ ಒಡಲಲ್ಲಿ ಗಾಳಿಯ ಗುಳ್ಳೆ ಇರುತ್ತದೆ. ಅಂತಹುದು ತಿರುಗುವಾಗ ಓಲಾಡಿ ದಾರಿ ತಪ್ಪುತ್ತದೆ. ನಲವತ್ತರಲ್ಲಿ ಹನ್ನೊಂದು ಮತ್ತೆ ಕರಗುವ ಪಾತ್ರೆಗೆ ಹೋದುವು.

ಇನ್ನು ಮದ್ದು. ಅದನ್ನು ಒಂದೇ ಅಳತೆಯ ಪಾತ್ರೆಯಿಂದ, ಮೇಲೆ ಸಮಮಾಡಿ ಸುರಿದೆವು. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಾಗ ಗಜವು ಎಲ್ಲಿಗೆ ನಿಲ್ಲುವುದೋ ಅಲ್ಲಿ ಒಂದು ಗುರುತು ಮಾಡಿದೆವು. ನಡುವೆ ಬರಿಯ ಜಾಗ ಉಳಿದರೆ ನಳಿಗೆ ಸಿಡಿಯುವ ಅಪಾಯವಿದೆ. ಕರಿಮದ್ದು ಉರಿದಮೇಲೆ ಅರ್ಧಕ್ಕಿಂತ ಹೆಚ್ಚು ಪಾಲು ಮಸಿಯಾಗಿ ಉಳಿಯುವುದರಿಂದ, ಪ್ರತಿ ಈಡಿನ ತರುವಾಯ ನಳಿಗೆಯನ್ನು ಒದ್ದೆಬಟ್ಟೆಯಿಂದಲೂ ಒಣಬಟ್ಟೆಯಿಂದಲೂ ಒರಸಿದೆವು. ಆಧುನಿಕ ಹೊಗೆರಹಿತ ಮದ್ದನ್ನು ಇಂತಹ ಕೋವಿಗೆ ಚಿಟಿಕೆಯಷ್ಟೂ ಹಾಕಕೂಡದು. ಅದರ ಒತ್ತಡವನ್ನು ಹಳೆಯ ಕಬ್ಬಿಣ ತಾಳದು.

ಐವತ್ತು ಗಜ ದೂರದಲ್ಲಿ, ಹಿಂದೆ ಮಣ್ಣಿನ ದಿಬ್ಬವಿರುವಲ್ಲಿ ಕಾಗದವನ್ನು ಕಟ್ಟಿ ಐದೈದು ಈಡುಗಳನ್ನು ಹಾರಿಸಿದೆವು. ಪ್ರತಿ ಸಲವೂ ಒಂದೇ ಒಂದು ಅಂಶವನ್ನು ಬದಲಿಸಿ ಫಲವನ್ನು ಪುಸ್ತಕದಲ್ಲಿ ಬರೆದಿಟ್ಟೆವು. ಹಳೆಯ ಗುಂಡುಗಳು ಮೊರದಗಲಕ್ಕೆ ಚೆದರಿದುವು. ಹೊಸವು, ಮೊದಲಿನಷ್ಟೇ ಮದ್ದಿನಲ್ಲಿ, ಅದರ ಅರ್ಧಕ್ಕೆ ಬಂದುವು. ಮದ್ದನ್ನು ತುಸುತುಸುವಾಗಿ ಕಡಮೆಮಾಡುತ್ತ ಬಂದಂತೆ ಒಂದು ಅಳತೆಯಲ್ಲಿ ಐದೂ ಗುಂಡುಗಳು ಅಂಗೈಯಗಲದೊಳಗೆ ನಿಂತುವು. ಅದಕ್ಕಿಂತ ಕಡಮೆಮಾಡಿದಾಗ ಪುನಃ ಚೆದರಿದುವು. ಹೆಚ್ಚು ಮದ್ದು ಗುಂಡಿನ ತೆಳುವಾದ ಬುಡವನ್ನು ಮಿತಿಮೀರಿ ಅರಳಿಸಿ ಕೆಡಿಸುತ್ತದೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಲಿಲ್ಲ. ನೆರೆಮನೆಯ ಹಿರಿಯರು ಕಾಗದಗಳನ್ನು ಒಂದರ ಮೇಲೊಂದಿಟ್ಟು ಬಹಳ ಹೊತ್ತು ನೋಡಿ, ಆ ಅಳತೆಯ ಪಾತ್ರೆಯನ್ನು ತಮಗೂ ತೋರಿಸಬೇಕೆಂದರು.

ಒಂದು ಕೋವಿಗೆ ಒಪ್ಪಿದ ಅಳತೆ ಮತ್ತೊಂದಕ್ಕೆ ಒಪ್ಪುವುದೆಂಬ ನಿಯಮವಿಲ್ಲವಾದುದರಿಂದ ನಮ್ಮ ಅಂಕೆಯನ್ನು ಇಲ್ಲಿ ಕೊಟ್ಟಿಲ್ಲ. ಕಾಯಿದೆಯ ಕಟ್ಟಳೆಗಳನ್ನು ವಿಚಾರಿಸದೆ, ಬಲ್ಲವರನ್ನು ಜೊತೆಯಲ್ಲಿರಿಸಿಕೊಳ್ಳದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದು.

ಹಬ್ಬದ ದಿನ ತಮ್ಮನೇ ರೈಫಲ್ಲನ್ನು ಹಿಡಿದನು. ಮೊದಲನೆಯ ಗುಂಡು ಕಾಯಿಯ ಪಕ್ಕದ ಗರಿಯನ್ನು ಕತ್ತರಿಸಿತು. ಎರಡನೆಯದಕ್ಕೆ ಕಾಯಿ ಒಡೆದು ನೀರು ಸುರಿಯಿತು. ಮಾರುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಸಂಜೆ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒರಸಿ, ಎಣ್ಣೆ ಹಚ್ಚಿದವನೂ ಅವನೇ. ಅಳತೆಯ ಪಾತ್ರೆಯೂ ಲೆಕ್ಕದ ಪುಸ್ತಕವೂ ಈಗ ತಂದೆಯವರ ಪೆಟ್ಟಿಗೆಯಲ್ಲಿ ಬೀಗದೊಳಗಿವೆ. ಮುಂದೆ ಕೋವಿಯನ್ನು ಪಡೆಯುವವರು ಅವನ್ನೂ ಕೂಡಿಯೇ ಪಡೆಯತಕ್ಕದ್ದೆಂದು ಅವರು ಅಪ್ಪಣೆಮಾಡಿದ್ದಾರೆ.