ಮಠದ ಬಿಯರಿಗೆ ನಾಲ್ಕು ಪ್ರಶ್ನೆ

ಪೋಪರಿಂಗೆ, ಬೆಲ್ಜಿಯಂ
ಸೆಪ್ಟೆಂಬರ್ ಮೊದಲ ವಾರ

ಪ್ರೀತಿಯ ಪ್ರಸನ್ನ,

ಫೋನಿನಲ್ಲಿ ಆಡಿದ ನಾಲ್ಕು ಮಾತು ಬಿಟ್ಟರೆ ನಿನಗೆ ಸರಿಯಾಗಿ ಏನೂ ಹೇಳಿರಲಿಲ್ಲ. ಹೊರಡುವಾಗ ನೀನು ಹೇಳಿದ್ದು ನೆನಪಿದೆ: ವೆಸ್ಟ್‌ಫ್ಲೇಟೆರೆನ್ 12 ಕುಡಿದು, ಅದು ಹೆಸರಿಗೆ ತಕ್ಕ ಬಿಯರ್ ಹೌದೋ ಅಲ್ಲವೋ ಅಂತ ಮುಲಾಜಿಲ್ಲದೆ ಬರೆಯಬೇಕು. ನೀನು ಕೆಲಸ ಮಾಡುವ ಮೈಕ್ರೋಬ್ರೂವರಿಯಲ್ಲಿ ಈ ಚಳಿಗಾಲಕ್ಕೆ ಬೆಲ್ಜಿಯನ್ ಡಾರ್ಕ್ ಸ್ಟ್ರಾಂಗ್ ಏಲ್ ಮಾಡುವ ಯೋಚನೆ ಇದೆಯಲ್ಲ, ಅದಕ್ಕೆ ಉಪಯೋಗವಾಗಲಿ ಎಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ಕೋರ್ಟ್ರೈಕ್ ಕಡೆಯಿಂದ ಬರುವ ರೈಲಿಗೆ ಪೋಪರಿಂಗೆಯೇ ಕೊನೆಯ ನಿಲ್ದಾಣ. ಇದು ಬೆಲ್ಜಿಯಂನ ಹಾಪ್ಸ್ ಸೀಮೆ. ಉದ್ದುದ್ದ ಕಂಬ ನೆಟ್ಟು, ತಂತಿ ಎಳೆದು ಬಳ್ಳಿ ಹಬ್ಬಿಸಿದ ತೋಟಗಳು. ಈಗ ಕೊಯ್ಲಿನ ಕಾಲ, ಬಳ್ಳಿಗೆ ಬಳ್ಳಿಯನ್ನೇ ಕಿತ್ತು ಟ್ರ್ಯಾಕ್ಟರಿನಲ್ಲಿ ಒಯ್ಯುತ್ತಾರೆ. ದಾರಿಯಲ್ಲಿ ಬಿದ್ದಿದ್ದ ಒಂದು ಹಾಪ್ಸ್ ಹೂವನ್ನು ಎತ್ತಿ ಬೆರಳಲ್ಲಿ ಹೊಸಕಿದೆ. ಎಸಳಿನ ಬುಡದಲ್ಲಿ ಹಳದಿ ಪುಡಿ, ಜಿಗುಟು ಜಿಗುಟು. ನಾಲಿಗೆಗೆ ತಾಗಿಸಿದರೆ ತುಂಬ ಹೊತ್ತು ಹೋಗದ ಕಹಿ. ಪ್ಯಾಕೆಟ್ಟಿನಲ್ಲಿ ಗುಳಿಗೆಯಾಗಿ ಬರುವ ಹಾಪ್ಸನ್ನು ದಿನಾ ಹಿಡಿಯುವ ನೀನು ಒಮ್ಮೆ ಈ ತೋಟದಲ್ಲಿ ನಿಂತು ನೋಡಬೇಕು ಮಾರಾಯ.

ಇಲ್ಲಿಂದ ಬಾಡಿಗೆ ಸೈಕಲ್ಲಿನಲ್ಲೇ ನಾನು ನೋಡಬೇಕಿದ್ದ ಎರಡೂ ಬ್ರೂವರಿಗಳಿಗೆ ಹೋಗಬಹುದು. ಕೂಡುದಾರಿಗಳಲ್ಲಿ ನಂಬರಿನ ಫಲಕಗಳಿವೆ. ನಂಬರು ಬರೆದುಕೊಂಡು ಹೊರಟರೆ ದಾರಿ ತಪ್ಪುವುದಿಲ್ಲ. ಒಂದು ದಿಕ್ಕಿಗೆ ವೆಸ್ಟ್‌ಫ್ಲೇಟೆರೆನ್‌ನ ಸಿಂಟ್ ಸಿಕ್ಸ್‌ಟಸ್ ಮಠ. ಇನ್ನೊಂದು ದಿಕ್ಕಿಗೆ, ಫ್ರಾನ್ಸಿನ ಗಡಿಗೆ ಅಂಟಿಕೊಂಡ ವಾಟು ಎಂಬ ಹಳ್ಳಿಯಲ್ಲಿ ಸೇಂಟ್ ಬರ್ನಾರ್ಡಸ್ ಬ್ರೂವರಿ. ಒಂದರ ಕಥೆ ಇನ್ನೊಂದನ್ನು ಬಿಟ್ಟು ಹೇಳಲು ಬರುವುದಿಲ್ಲ.

ಮಠ ಶುರುವಾದದ್ದು 1831ರಲ್ಲಿ, ಬಿಯರ್ ಮಾಡತೊಡಗಿದ್ದು 1839ರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, ವ್ಯಾಪಾರ ಬೆಳೆದು ಪ್ರಾರ್ಥನೆಯ ಬದುಕಿಗೆ ಅಡ್ಡಿಯಾಗಬಾರದೆಂದು ಸನ್ಯಾಸಿಗಳು ತಮಗೂ ಹತ್ತಿರದ ಕೆಲವು ಪಾನಗೃಹಗಳಿಗೂ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು, ಹೊರಗಿನ ಮಾರಾಟಕ್ಕೆ ಬಿಯರ್ ಮಾಡುವ ಹಕ್ಕನ್ನು 1946ರಲ್ಲಿ ವಾಟುವಿನವರಿಗೆ ಕೊಟ್ಟರು. ಮಠದ ಬ್ರೂಮಾಸ್ಟರೇ ಅಲ್ಲಿಗೆ ಹೋದ. ಪಾಕವೂ ಯೀಸ್ಟೂ ಅವನ ಜೊತೆ ಹೋದವು. 1992ರಲ್ಲಿ ಆ ಒಪ್ಪಂದ ಮುಗಿಯಿತು. ಮಠದ ಗೋಡೆಯೊಳಗೆ ತಯಾರಾಗದ್ದನ್ನು ಟ್ರಾಪಿಸ್ಟ್ (ಈ ಸನ್ಯಾಸಿಗಳ ಪಂಥದ ಹೆಸರು) ಬಿಯರ್ ಅನ್ನುವಂತಿಲ್ಲವೆಂಬ ನಿಯಮ ಬಿಗಿಯಾಗುತ್ತಿದ್ದ ಕಾಲ ಅದು. ವಾಟುವಿನವರು ತಮ್ಮದೇ ಹೆಸರಿಟ್ಟುಕೊಂಡು ಅದೇ ಹಳೆಯ ಯೀಸ್ಟಿನಲ್ಲಿ ಮುಂದುವರಿದರು. ಮಠಕ್ಕೆ ಈಗ ಯೀಸ್ಟ್ ಬರುವುದು ವೆಸ್ಟ್‌ಮಾಲೆಯ ಮಠದಿಂದ. ಅಂದರೆ ಹಳೆಯ ಯೀಸ್ಟ್ ಒಂದು ಕಡೆ, ಸನ್ಯಾಸಿಗಳು ಇನ್ನೊಂದು ಕಡೆ. ನಿಜವಾದ ವಾರಸುದಾರರು ಯಾರೆಂದು ಇಲ್ಲಿನ ಕೆಫೆಗಳಲ್ಲಿ ವಾದ ಮಾಡುತ್ತಾರೆ. ನನಗೆ ಬೇಕಾದದ್ದು ಲೋಟದಲ್ಲಿರುವುದರ ತೀರ್ಪು.

ನಮ್ಮಲ್ಲಿ ಬಾರಿಗೆ ಹೋದರೆ ಮೊದಲ ಪ್ರಶ್ನೆ: ಸ್ಟ್ರಾಂಗೋ, ಲೈಟೋ? ಸ್ಟ್ರಾಂಗ್ ಅಂದರೆ ಬೇಗ ಏರುವುದು, ಅಷ್ಟೇ. ಸ್ವಲ್ಪ ಲೆಕ್ಕ ಹಾಕು. ವೆಸ್ಟ್‌ಫ್ಲೇಟೆರೆನ್ 12ರಲ್ಲಿ ಆಲ್ಕೋಹಾಲ್ ಶೇ. 10.2, ಸೇಂಟ್ ಬರ್ನಾರ್ಡಸ್ ಅಬ್ಟ್ 12ರಲ್ಲಿ ಶೇ. 10. (12 ಎನ್ನುವುದು ಶೇಕಡಾವಾರಲ್ಲ, ಹಳೆಯ ಸಾಂದ್ರತೆಯ ಅಳತೆಯಿಂದ ಉಳಿದ ಹೆಸರು.) ಬಾಟಲಿ 330 ಮಿಲಿಯದ್ದು, ಒಳಗಿರುವ ಆಲ್ಕೋಹಾಲ್ 33 ಮಿಲಿ ಆಸುಪಾಸು. ನಮ್ಮ 650 ಮಿಲಿಯ ಬಾಟಲಿ ಶೇ. 8ರದ್ದಾದರೆ ಅದರಲ್ಲಿ 52 ಮಿಲಿ ಇರುತ್ತದೆ. ಇಲ್ಲಿಯವರು ಆ 33 ಮಿಲಿಯನ್ನು ಒಂದು ತಾಸು ಕೂತು, ಚೀಸ್ ಜೊತೆ ಕುಡಿಯುತ್ತಾರೆ. ಬಲ ಇವರಿಗೆ ಅಮಲಿನ ದಾರಿ ಅಲ್ಲ, ರುಚಿಯನ್ನು ಹೊರುವ ಬೆನ್ನು.

ಮೊದಲು ವಾಟು. ಬ್ರೂವರಿಯ ಮೇಲಂತಸ್ತಿನಲ್ಲೇ ಬಾರ್ ಇದೆ, ಕಿಟಕಿಯಾಚೆ ಹಾಪ್ಸ್ ತೋಟ. ಅಬ್ಟ್ ಬಂದದ್ದು ಅಗಲ ಬಾಯಿಯ, ಕಾಲುಳ್ಳ ಲೋಟದಲ್ಲಿ. ಸರ್ವ್ ಮಾಡುವವಳು ಲೋಟವನ್ನು ಓರೆ ಹಿಡಿದು, ಬಾಟಲಿ ಅಲುಗದಂತೆ ಒಂದೇ ಧಾರೆಯಲ್ಲಿ ಸುರಿದಳು. ತಳದ ಯೀಸ್ಟ್ ಕತ್ತಿನ ಹತ್ತಿರ ಬರುತ್ತಿದ್ದಂತೆ ಕೈ ನಿಲ್ಲಿಸಿದಳು. ಗಾಢ ಕಂದು ಬಣ್ಣ, ಅದರ ಮೇಲೆ ಕೆನೆಬಣ್ಣದ ದಪ್ಪ ನೊರೆ. ಕುಡಿಯುತ್ತ ಹೋದಂತೆ ಗಾಜಿನ ಒಳಗೋಡೆಗೆ ನೊರೆ ಬಳೆ ಬಳೆಯಾಗಿ ಅಂಟಿ ಉಳಿಯಿತು. ಮೂಗಿಗೆ ಮೊದಲು ಬಾಳೆಹಣ್ಣು, ಹಿಂದೆಯೇ ಲವಂಗ, ಸೋಂಪು, ಆಮೇಲೆ ಒಣದ್ರಾಕ್ಷಿ. ಇವುಗಳಲ್ಲಿ ಬಹುಪಾಲು ಯೀಸ್ಟಿನ ಕೆಲಸ, ಮಸಾಲೆ ಬೆರೆಸಿದ್ದಲ್ಲವೆಂದು ನಿನಗೆ ಹೇಳಬೇಕಿಲ್ಲ.

ಮಠದೆದುರಿನ ಇನ್ ದೆ ವ್ರೇದೆ ಕೆಫೆಗೆ ಹೋದದ್ದು ಮರುದಿನ. ಮಠದ ಒಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಬಿಯರ್ ಕುಡಿಯಲು ಈ ಕೆಫೆಗೇ ಬರಬೇಕು. ಬಹುಕಾಲ ಈ ಬಾಟಲಿಗಳಿಗೆ ಲೇಬಲ್ಲೇ ಇರಲಿಲ್ಲ, ಮುಚ್ಚಳದ ಬಣ್ಣದಿಂದ ಗುರುತು: 12ಕ್ಕೆ ಹಳದಿ, 8ಕ್ಕೆ ನೀಲಿ, ಬ್ಲಾಂಡ್‌ಗೆ ಹಸಿರು. ನಾನು ತೆಗೆದುಕೊಂಡದ್ದು ಹಳದಿ ಮುಚ್ಚಳದ್ದು. ತಂಪು ಹದವಾಗಿತ್ತು, ಐಸಿನಷ್ಟು ಇರಲಿಲ್ಲ. ಮೊದಲ ಗುಟುಕಿಗೆ ಅದು ಹೆಚ್ಚೇನೂ ಬಿಟ್ಟುಕೊಡಲಿಲ್ಲ: ಸುಟ್ಟ ಸಕ್ಕರೆ, ಸ್ವಲ್ಪ ಅಂಜೂರ. ಲೋಟವನ್ನು ಅಂಗೈಯಲ್ಲಿ ಹಿಡಿದು ಕೂತೆ. ಬೆಚ್ಚಗಾಗುತ್ತಿದ್ದಂತೆ ಬಿಯರ್ ಬಿಚ್ಚಿಕೊಂಡಿತು. ನಮ್ಮ ಸಾಗರದ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸಿದ ಮೇಲೆ ಜೋನಿಬೆಲ್ಲದಿಂದ ಏಳುವ ವಾಸನೆ ಇದೆಯಲ್ಲ, ಅದೇ. ಜೊತೆಗೆ ಖರ್ಜೂರ, ಕೋಕೋ. ಅಷ್ಟು ಸಿಹಿ ವಾಸನೆಯ ಬಿಯರ್ ಗಂಟಲಿಳಿಯುವಾಗ ಸಿಹಿ ಉಳಿಸಲೇ ಇಲ್ಲ, ಒಣಗಿದಂತೆ ಮುಗಿಯಿತು. ಎದೆಯಲ್ಲಿ ಮಾತ್ರ ನಿಧಾನ ಕಾವು.

ಇದರ ಗುಟ್ಟು ಸಕ್ಕರೆ. ಇಷ್ಟು ಬಲವನ್ನು ಬರೀ ಮಾಲ್ಟಿನಿಂದ ತರಹೊರಟರೆ ಬಿಯರ್ ಅಂಬಲಿಯಾಗುತ್ತದೆ. ಸಕ್ಕರೆಯನ್ನು ಯೀಸ್ಟ್ ಪೂರಾ ತಿಂದುಬಿಡುತ್ತದೆ: ಆಲ್ಕೋಹಾಲ್ ಏರುತ್ತದೆ, ಮೈ ಹಗುರವೇ ಉಳಿಯುತ್ತದೆ. ಆಮೇಲೆ ಬಾಟಲಿಯೊಳಗೆ ಮತ್ತೊಮ್ಮೆ ಹುದುಗುವಿಕೆ. ನಾಲಿಗೆಯ ಮೇಲಿನ ಸಿಹಿಯನ್ನು ತೊಳೆದುಕೊಂಡು ಹೋಗುವ ಆ ಸಣ್ಣ ಗುಳ್ಳೆಗಳು ಬರುವುದು ಅಲ್ಲಿಂದ.

ಬೇರೆ ಬೇರೆ ದಿನ ಕುಡಿದು ತೀರ್ಪು ಕೊಡುವುದು ನ್ಯಾಯವಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಕುಡಿಯಲು ಹೊರಟೆ. ಕೆಫೆಯ ಅಂಗಡಿಯಲ್ಲಿ ಮಠದ ಬಾಟಲಿ ಸಿಕ್ಕಿತು. ವಾಟುವಿನದ್ದು ಊರಿನ ಅಂಗಡಿಯಲ್ಲೇ ಇತ್ತು. ನಾನು ಇಳಿದುಕೊಂಡ ಮನೆಯ ಯಜಮಾನಿ ಅಡುಗೆಮನೆಯಲ್ಲೇ ಎರಡನ್ನೂ ಒಂದೇ ತರದ ಲೋಟಗಳಿಗೆ ಬಗ್ಗಿಸಿ, ಯಾವುದು ಯಾವುದೆಂದು ಹೇಳದೆ ತಂದಿಟ್ಟರು. ನಾನು ಇಟ್ಟುಕೊಂಡ ಪ್ರಶ್ನೆ ನಾಲ್ಕು. ಆಲ್ಕೋಹಾಲ್ ಪ್ರತ್ಯೇಕವಾಗಿ ಸುಡುತ್ತದೆಯೇ, ಉಳಿದದ್ದರಲ್ಲಿ ಕರಗಿದೆಯೇ? ಸಿಹಿ ಶುರುವಾದಷ್ಟೇ ಚೆನ್ನಾಗಿ ಮುಗಿಯುತ್ತದೆಯೇ? ಬೆಚ್ಚಗಾದ ಮೇಲೆ ಹೊಸದೇನಾದರೂ ಹೇಳುತ್ತದೆಯೇ? ಅರ್ಧ ಲೋಟದ ಮೇಲೂ ಮುಂದಿನ ಗುಟುಕು ಬೇಕೆನಿಸುತ್ತದೆಯೇ?

ತೀರ್ಪು ಇದು. ಮೊದಲ ಪ್ರಶ್ನೆಯಲ್ಲಿ ಎರಡೂ ಗೆದ್ದವು; ಶೇ. 10 ಎಂದು ಮೊದಲೇ ಗೊತ್ತಿಲ್ಲದಿದ್ದರೆ ಯಾರೂ ಊಹಿಸಲಾರರು. ಮೊದಲ ಗುಟುಕಿನ ಸಂತೋಷದಲ್ಲಿ ಎಡಗಡೆಯ ಲೋಟ ಮುಂದೆ: ಹಣ್ಣು, ಲವಂಗ, ಎಲ್ಲ ಒಟ್ಟಿಗೆ ಎದುರು ಬಂದವು. ಅದು ಅಬ್ಟ್. ಲೋಟ ಅರ್ಧವಾಗುವ ಹೊತ್ತಿಗೆ ಅದರ ಸಿಹಿ ಸ್ವಲ್ಪ ಭಾರವೆನಿಸಿತು. ಬಲಗಡೆಯದ್ದು ಅಷ್ಟು ಹೊತ್ತಿಗೆ ಇನ್ನೂ ಹೊಸದನ್ನು ಹೇಳುತ್ತಿತ್ತು, ಕೊನೆಯ ಗುಟುಕಿನವರೆಗೂ ಸ್ವಚ್ಛವಾಗಿ ಮುಗಿಯಿತು. ಅದು ಮಠದ್ದು. ಹಾಗಾಗಿ ನನ್ನ ಮತ ವೆಸ್ಟ್‌ಫ್ಲೇಟೆರೆನ್‌ಗೆ, ಆದರೆ ಕೂದಲೆಳೆಯಷ್ಟು ಅಂತರದಲ್ಲಿ. ಆ ಅಂತರಕ್ಕಾಗಿ ಇಲ್ಲಿ ಬಿಟ್ಟರೆ ಸುಲಭವಾಗಿ ಸಿಗದ ಬಾಟಲಿಗೆ ಕಾಳಸಂತೆಯಲ್ಲಿ ಹಲವು ಪಟ್ಟು ದುಡ್ಡು ಸುರಿಯುವುದು ಬೇಡ. ಮಠದವರಿಗೂ ಆ ಮರುಮಾರಾಟ ಬೇಡವಾದದ್ದೇ.

ನಿನ್ನ ಬಿಯರಿನ ವಿಷಯಕ್ಕೆ ಬಂದರೆ, ಶೇಕಡಾದ ಹಿಂದೆ ಬೀಳಬೇಡ. ಮೊದಲ ಸಲ ಶೇ. 8ರ ಒಳಗೇ ಮಾಡು. ಒಳ್ಳೆಯ ಬೆಲ್ಜಿಯನ್ ಯೀಸ್ಟ್, ಮಾಲ್ಟಿನ ಜೊತೆ ಧೈರ್ಯವಾಗಿ ಕಪ್ಪು ಕ್ಯಾಂಡಿ ಸಕ್ಕರೆ, ಕಡಿಮೆ ಹಾಪ್ಸ್. ಮುಖ್ಯವಾಗಿ, ಟ್ಯಾಂಕ್ ಖಾಲಿ ಮಾಡಿಕೊಡೆಂದು ಮಾಲೀಕರು ಎಷ್ಟೇ ಒತ್ತಾಯಿಸಿದರೂ ವಾರಗಟ್ಟಲೆ ತಂಪಿನಲ್ಲಿ ಬಿಡು. ಗಿರಾಕಿಗೆ ಕೊಡುವಾಗ ಮಗ್ಗಿನಲ್ಲಿ ಬೇಡ, ಸಣ್ಣ ಲೋಟದಲ್ಲಿ, ಹನ್ನೆರಡು ಡಿಗ್ರಿಯ ಹತ್ತಿರ ಕೊಡು.

ಇಲ್ಲಿಂದ ನಾಳೆ ರೋಶ್‌ಫೋರ್‌ ಕಡೆಗೆ ಹೊರಡುತ್ತೇನೆ. ಅಲ್ಲಿನ ಸನ್ಯಾಸಿಗಳ 10 ಎಂಬ ಬಿಯರ್ ಶೇ. 11.3ರದ್ದು. ಅದಕ್ಕೂ ಇದೇ ನಾಲ್ಕು ಪ್ರಶ್ನೆ ಕೇಳಿ ನಿನಗೆ ಬರೆಯುತ್ತೇನೆ.

ನಿನ್ನ,
ಗಿರೀಶ