ಘಟ್ಟವಿಳಿಯುವ ಮುನ್ನ

ಹಾಸನದಿಂದ ಮಂಗಳೂರಿಗೆ ನನಗೆ ವರ್ಗವಾದದ್ದು 2023ರ ಮೇ ತಿಂಗಳ ಕೊನೆಯಲ್ಲಿ. ಸಂಸಾರವನ್ನು ರೈಲಿನಲ್ಲಿ ಕಳುಹಿಸಿ, ಪಾತ್ರೆಪಡಗಗಳನ್ನೂ ಹನ್ನೆರಡು ಪೆಟ್ಟಿಗೆ ಪುಸ್ತಕಗಳನ್ನೂ ಲಾರಿಗೇರಿಸಿ, ಚಾಲಕರ ಪಕ್ಕದಲ್ಲಿ ನಾನೂ ಕುಳಿತೆ. ಮರುದಿನ ಬೆಳಗ್ಗೆ ಹತ್ತಕ್ಕೆ ಕಾಲೇಜಿನಲ್ಲಿ ಹಾಜರಾಗಬೇಕಿತ್ತು.

ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿದೊಡನೆ ಲಾರಿಯು ಗ್ಯಾರೇಜೊಂದರ ಅಂಗಳಕ್ಕೆ ತಿರುಗಿತು.

"ಏನಾಯಿತು, ಯಜಮಾನರೇ?"

"ಸ್ಟೇರಿಂಗ್ ತಿರುಗಿಸಿದರೆ ತಾನಾಗಿ ವಾಪಸು ಬರ್ತಿಲ್ಲ, ಮೇಷ್ಟ್ರೇ. ಗ್ರೀಸ್ ಹೊಡೆಸದೆ ಶಿರಾಡಿ ಇಳಿಯೋದಿಲ್ಲ."

"ಮಂಗಳೂರಿನಲ್ಲಿ ಹೊಡೆಸಿದರಾಗದೇ?" ಎಂದೆ. ಅವರು ಉತ್ತರಿಸದೆ ಕೆಳಗಿಳಿದರು.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಅಚ್ಚನ್ನು ಜಾಕಿಯಿಂದೆತ್ತಿ, ಅದರಡಿಗೆ ಮರದ ದಿಮ್ಮಿಗಳನ್ನಿಟ್ಟರು. ಚಕ್ರ ನೆಲಕ್ಕೂರಿದ್ದರೆ ಭಾರವೆಲ್ಲ ಕಿಂಗ್‌ಪಿನ್ನನ್ನು ಒಂದೇ ಕಡೆಗೆ ಒತ್ತಿ ಹಿಡಿಯುವುದು. ಗ್ರೀಸು ಬೇಕಾದಲ್ಲಿಗೇ ಹೋಗದು. ಕೆಲಸದ ಹುಡುಗನು ನಿಪ್ಪಲುಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿದನು. ಧೂಳಿನ ಮೇಲೆಯೇ ಗನ್ ಹಚ್ಚಿದರೆ ಗ್ರೀಸಿನೊಡನೆ ಮರಳೂ ಒಳಹೊಕ್ಕು ಪಿನ್ನನ್ನು ಅರೆದುಹಾಕುತ್ತದೆಯಂತೆ. ಕಮಾನುಗಳ ಶ್ಯಾಕಲ್ ಪಿನ್ನುಗಳಿಗೆ ಹಳೆಯ ಕಪ್ಪು ಗ್ರೀಸು ಹೊರಬಿದ್ದು ಹೊಸದು ಇಣುಕುವವರೆಗೆ ಒತ್ತಿದನು. ಟೈರಾಡಿನ ಕೀಲುಗಳಿಗೆ ಮಾತ್ರ ಅಳತೆಯಾಗಿ, ರಬ್ಬರಿನ ಮುಸುಕು ಒಡೆಯದಂತೆ. (ಸಂಸ್ಕೃತದಲ್ಲಿ ಜಿಡ್ಡಿಗೂ ಒಲವಿಗೂ 'ಸ್ನೇಹ'ವೆಂಬ ಒಂದೇ ಪದವಿರುವುದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇನೆ, ಅಲ್ಲಿ ಅದನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.)

ಬಲಗಡೆಯ ಕಿಂಗ್‌ಪಿನ್ನಿನ ಮೇಲಿನ ನಿಪ್ಪಲಿಗೆ ಬಂದಾಗ ಗನ್ನಿನ ಹಿಡಿ ಬಿಗಿಯಿತು. ಗ್ರೀಸೆಲ್ಲ ಪಕ್ಕದಿಂದ ಉಕ್ಕಿತು. ಬಿಚ್ಚಿ ನೋಡಿದರೆ ರಂಧ್ರವು ಕಲ್ಲಿನಂತೆ ಗಟ್ಟಿಯಾಗಿತ್ತು! "ಎಂಟು ದಿನದ ಹಿಂದೆ ಇನ್ನೊಂದು ಊರಲ್ಲಿ ಇದಕ್ಕೂ ಸೇರಿಸಿ ದುಡ್ಡು ಕೊಟ್ಟಿದ್ದೆ," ಎಂದರು ಚಾಲಕರು. ಅಲ್ಲಿ ಯಾರೋ ಮೇಲೆಮೇಲೆ ಬಳಿದು ಕೈತೊಳೆದುಕೊಂಡಿದ್ದರು. ಅವರ ಮುಖ ನೋಡಲಾರದೆ, ಬೆಳಕು ಹಿಡಿಯುವ ನೆವದಿಂದ ನಾನೂ ಲಾರಿಯಡಿಗೆ ಬಗ್ಗಿದೆ.

ಹುಡುಗನು ತಂತಿಯಿಂದ ರಂಧ್ರವನ್ನು ಕೆದಕಿ, ಡೀಸೆಲಿನಿಂದ ತೊಳೆದು, ಹೊಸ ನಿಪ್ಪಲು ಕೂರಿಸಿದನು. ಚಾಲಕರು ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಿದಂತೆಲ್ಲ ಇವನು ಒತ್ತಿದನು. ಮೊದಲು ತುಕ್ಕುಬಣ್ಣದ ಕೆಸರು, ಬಳಿಕ ಕಪ್ಪು ಜಿಡ್ಡು, ಕಟ್ಟಕಡೆಗೆ ಶುದ್ಧ ಗ್ರೀಸು. ಎರಡು ಗಂಟೆ ಕಳೆದಿತ್ತು.

ಟಿಪ್ಪುವಿನ ಕಾಲದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಹಾಯುವಾಗ ಕತ್ತಲಾಗಿತ್ತು. ಮಾರನಹಳ್ಳಿಯಾಚೆ ಇಳಿಜಾರು, ಒಂದೆಡೆ ಬಂಡೆ, ಇನ್ನೊಂದೆಡೆ ಕಾಣದ ಕೆಂಪುಹೊಳೆಯ ಮೊರೆತ. ಎದುರಿನಿಂದ ಟ್ಯಾಂಕರೊಂದು ತಿರುವನ್ನು ಪೂರಾ ಆಕ್ರಮಿಸಿ ಬಂತು. ಚಾಲಕರು ಸ್ಟೇರಿಂಗನ್ನು ಎಡಕ್ಕೆಳೆದು, ಟ್ಯಾಂಕರು ದಾಟಿದೊಡನೆ ಹಿಡಿತ ಸಡಿಲಿಸಿದರು. ಅದು ಅವರ ಅಂಗೈಯೊಳಗೇ ಜಾರುತ್ತ ತಾನಾಗಿ ನೆಟ್ಟಗಾಯಿತು. ಅವರು ನನ್ನತ್ತ ನೋಡಲಿಲ್ಲ, ನಾನೂ ಮಾತಾಡಲಿಲ್ಲ.

ಗುಂಡ್ಯದಲ್ಲಿ ಚಹಾ ಕುಡಿಯುವಾಗ ಕಂಡೆ, ಅಂಗಿಯ ತೋಳಿಗೆ ಅಂಗೈಯಗಲದ ಕಪ್ಪು ಕಲೆ. ಬೇರೆ ಅಂಗಿಗಳೆಲ್ಲ ಹಗ್ಗ ಬಿಗಿದ ಪೆಟ್ಟಿಗೆಗಳಲ್ಲಿದ್ದವು. ಮರುದಿನ ಹತ್ತಕ್ಕೆ ಅದನ್ನೇ ತೊಟ್ಟು ಪ್ರಾಂಶುಪಾಲರ ಮುಂದೆ ನಿಂತೆ.