ತಾತನ ಟ್ರ್ಯಾಕ್ಟರ್ ಮತ್ತು ನನ್ನ ‘ಆಧಾರಗಳು’ ಪಾಠ

ಅಭ್ಯಾಸ ಬೋಧನೆಯ ಎರಡನೇ ವಾರ ಎಂಟನೇ ತರಗತಿಯ ‘ಆಧಾರಗಳು’ ಪಾಠ ನನ್ನ ಪಾಲಿಗೆ ಬಂತು. ಶಾಸನ, ನಾಣ್ಯಗಳ ಚಾರ್ಟು ಸಿದ್ಧವಿತ್ತು. ಪೀಠಿಕೆಗೆ ಮಾತ್ರ ಶಾಲೆಯ ಪಕ್ಕದ ಹಿತ್ತಲಲ್ಲಿ ನಿಂತಿದ್ದ ಹಳೆಯ ಕೆಂಪು ಟ್ರ್ಯಾಕ್ಟರನ್ನು ಆರಿಸಿಕೊಂಡೆ. ಅದು ನಮ್ಮ ತರಗತಿಯ ಹುಡುಗನೊಬ್ಬನ ಮನೆಯದು. ಹಿಂದಿನ ಸಂಜೆ ಅವನ ತಾತನನ್ನು ಕೇಳಿದಾಗ, “ಏಕೀಕರಣದ ವರ್ಷ ನಮ್ಮಪ್ಪ ಹೊಸದಾಗಿ ತಂದದ್ದು ಕಣಮ್ಮ” ಎಂದಿದ್ದರು. ಪಾಠ ಯೋಜನೆಯಲ್ಲಿ 1956 ಎಂದು ಬರೆದುಕೊಂಡೆ.

ಮರುದಿನ ಮಕ್ಕಳನ್ನು ಸುತ್ತ ನಿಲ್ಲಿಸಿ, “ಇದು 1956ರ ಮ್ಯಾಸಿ ಫರ್ಗುಸನ್ 35” ಎಂದೆ. ಹುಡುಗ ಎದೆಯುಬ್ಬಿಸಿ ನಿಂತಿದ್ದ. ಗ್ಯಾರೇಜ್ ನಡೆಸುವವರ ಮಗಳೊಬ್ಬಳು ಎಂಜಿನ್ನಿನ ಬದಿಗೆ ಬಗ್ಗಿ ನೋಡಿ, “ಮಿಸ್, ಡೀಸೆಲ್ ಪೈಪು ಮೂರೇ ಇವೆ. ಮೂರು ಸಿಲಿಂಡರ್ ಆಗಲೇ ಬಂದಿತ್ತಾ?” ಎಂದಳು. ನನಗೆ ಗೊತ್ತಿರಲಿಲ್ಲ. “ಈಗ ಪಾಠಕ್ಕೆ ಬನ್ನಿ” ಎಂದು ಚಾರ್ಟಿನ ಕಡೆ ತಿರುಗಿದೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಬಾಕಿ.”

ಆ ಸಂಜೆ ಗ್ಯಾರೇಜಿಗೆ ಹೋದೆ. ರಾತ್ರಿ ಕೂತು ಓದಿದೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1956ರಲ್ಲಿ ತಯಾರಾಗತೊಡಗಿದ 35ರ ಬಾನೆಟ್ ಬೂದು ಬಣ್ಣದ್ದು. ಹೆಸರು ಬರೀ ಫರ್ಗುಸನ್. ಡೀಸೆಲ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಕೆಂಪು ಬಣ್ಣವೂ ಮ್ಯಾಸಿ ಫರ್ಗುಸನ್ ಹೆಸರೂ ಬಂದದ್ದು 1957ರ ಕೊನೆಯ ಹೊತ್ತಿಗೆ. ಪರ್ಕಿನ್ಸ್‌ನ ಮೂರು ಸಿಲಿಂಡರ್ ಎಂಜಿನ್ 1959ರ ಕೊನೆಯ ಹೊತ್ತಿಗೆ. 1956 ಹೊಂದುವುದೇ ಇಲ್ಲ.

ತಿದ್ದುವುದು ಸುಲಭವಿತ್ತು. ಆದರೆ ನಲವತ್ತು ಮಕ್ಕಳ ಎದುರು ‘ತಾತ ಹೇಳಿದ್ದು ಸುಳ್ಳು’ ಎಂದಾದರೆ ಆ ಹುಡುಗನ ಗತಿ? ಮರುದಿನ, “ತಪ್ಪು ನನ್ನದು. ಒಂದೇ ಆಧಾರ ನಂಬಿದೆ” ಎಂದು ಶುರುಮಾಡಿದೆ. ಮತ್ತೆ ಹಿತ್ತಲಿಗೆ ಹೋದೆವು. ಕಪ್ಪುಹಲಗೆಯಲ್ಲಿ ಮೂರು ಕಾಲಂ: ಗುರುತು, ಅದು ಹೇಳುವ ವರ್ಷ, ಆಮೇಲೆ ಬದಲಾಗಿರಬಹುದೇ? ಬಣ್ಣ ಮತ್ತೆ ಹೊಡೆಯಬಹುದು, ಬಾನೆಟ್ ಬದಲಿಸಬಹುದು, ಎಂಜಿನ್ನೂ ಬದಲಾಗಬಹುದು ಎಂದು ಮಕ್ಕಳೇ ಹೇಳಿದರು. ಸ್ಟೀರಿಂಗ್ ಬಳಿಯ ತಗಡಿನ ಪಟ್ಟಿಯಲ್ಲಿ ಸೀರಿಯಲ್ ನಂಬರು ಓದಲಾದರೆ ವರ್ಷ ಹಿಡಿಯಬಹುದಿತ್ತು. ತುಕ್ಕು ಅದನ್ನು ತಿಂದಿತ್ತು.

ಹುಡುಗ ಸುಮ್ಮನೆ ಮನೆಗೆ ಓಡಿ, ಟ್ರಂಕಿನಲ್ಲಿದ್ದ ಆರ್‌ಸಿ ಪುಸ್ತಕ ತಂದ. ನೋಂದಣಿ 1962. ತಾತನೂ ಹಿಂದೆಯೇ ಬಂದರು. “ಎಂಜಿನ್ ಒಂದು ದಿನವೂ ಬದಲಿಸಿಲ್ಲಮ್ಮ. ಏಕೀಕರಣದ ವರ್ಷ ಬಾವಿ ತೋಡಿಸಿದ್ದು, ಈಗ ನೆನಪಾಯ್ತು” ಎಂದು ನಕ್ಕರು. ಎಂಜಿನ್ ಕಾಲಂ ಗಟ್ಟಿಯಾದದ್ದು ಅವರ ಮಾತಿನಿಂದಲೇ. ತರಗತಿ ತೀರ್ಮಾನಿಸಿತು: 1959ರ ಕೊನೆಯಿಂದ 1962ರೊಳಗೆ. ಬರೆದವನು ಆ ಹುಡುಗನೇ.

ಮೌಖಿಕ, ಭೌತಿಕ, ಲಿಖಿತ ಆಧಾರಗಳೆಂದು ನಾನು ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಈಗ ನನ್ನ ಪ್ರತಿ ಪಾಠ ಯೋಜನೆಯ ಕೊನೆಗೆ ಒಂದು ಖಾಲಿ ಸಾಲು ಬಿಡುತ್ತೇನೆ: ‘ಉತ್ತರ ಬಾಕಿ’.